ಕಾಡಿಲ್ಲದ ಹಕ್ಕಿಗೆ ಅಭಯ

ಪರ್ವದಿನಗಳಲ್ಲಿ ಪೇಟೆಯಿಂದ ಪಂಜರದ ಹಕ್ಕಿಗಳನ್ನು ಕೊಂಡು ತಂದು ಬಾನಿಗೆ ಹಾರಿಬಿಡುವುದು ಜೀವದಯೆಯ ಕಾರ್ಯವೆಂದು ಜೈನ ಸಮಾಜದಲ್ಲಿ ಬಹುಕಾಲದಿಂದ ಮಾನ್ಯವಾಗಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಅಭಯದಾನಕ್ಕೆ ಇರುವ ಸ್ಥಾನವೇ ಇದಕ್ಕೆ ಪ್ರೇರಣೆ. ಇತಿಹಾಸದಲ್ಲಿಯೂ ಇದಕ್ಕೆ ಉಜ್ವಲ ನಿದರ್ಶನಗಳಿವೆ. 1583ರಲ್ಲಿ ಶ್ವೇತಾಂಬರ ಆಚಾರ್ಯ ಹೀರವಿಜಯ ಸೂರಿಗಳು ಫತೇಪುರ ಸಿಕ್ರಿಯಲ್ಲಿ ಅಕ್ಬರನನ್ನು ಕಂಡರು. ಅವರ ಉಪದೇಶಕ್ಕೆ ಮನಸೋತ ಬಾದಶಹನು ಪರ್ಯೂಷಣದ ದಿನಗಳಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದನು. ಪಂಜರಗಳಲ್ಲಿದ್ದ ಹಕ್ಕಿಗಳನ್ನು ಬಿಡುಗಡೆ ಮಾಡಿಸಿದನು.

ಅಂದು ಬಿಡುಗಡೆ ಹೊಂದಿದ ಹಕ್ಕಿಗಳಿಗೆ ಹಿಂದಿರುಗಲು ಒಂದು ನೆಲೆಯಿತ್ತು. ಬೇಟೆಗಾರನ ಬಲೆಗೆ ಬಿದ್ದು ನಗರಕ್ಕೆ ಬಂದ ಗಿಳಿ, ಗೊರವಂಕಗಳು ಈ ನೆಲದವೇ ಆಗಿದ್ದವು. ಇಂದು ಅದೇ ಸದ್ಭಾವನೆಯಿಂದ ತೆರೆಯುವ ಪಂಜರದೊಳಗೆ ಅನೇಕ ವೇಳೆ ಇರುವುದು ಬೇರೊಂದು ಹಕ್ಕಿ. ಹಸಿರು, ಹಳದಿ, ನೀಲಿ, ಬಿಳಿ ಬಣ್ಣಗಳ ಆ ಪುಟ್ಟ ಗಿಳಿಯನ್ನು ನಮ್ಮ ಪೇಟೆಗಳಲ್ಲಿ 'ಲವ್ ಬರ್ಡ್ಸ್' ಎಂದು ಕರೆಯುವುದು ರೂಢಿ. ವಾಸ್ತವವಾಗಿ ಆ ಹೆಸರು ಆಫ್ರಿಕಾದ ಇನ್ನೊಂದು ಕುಲದ ಗಿಳಿಗಳಿಗೆ ಸೇರಿದುದು. ಇದರ ನಿಜನಾಮ ಬಜರಿಗಾರ್. ಇದರ ತವರು ಆಸ್ಟ್ರೇಲಿಯ. ಈ ಹಕ್ಕಿಯ ಚರಿತ್ರೆಯನ್ನು ಅರಿಯದೆ ಅದನ್ನು ಕೊಳ್ಳುವುದಾಗಲಿ, ಹಾರಿಬಿಡುವುದಾಗಲಿ ದಯೆಯ ಹೆಸರಿನಲ್ಲಿ ಹಿಂಸೆಗೆ ದಾರಿಯಾಗಬಹುದು.

ಬಯಲಿನಿಂದ ಪಂಜರಕ್ಕೆ

ಬಜರಿಗಾರ್ ಆಸ್ಟ್ರೇಲಿಯದ ಒಳನಾಡಿನ ಒಣಭೂಮಿಯ ಹಕ್ಕಿ. ಸುಮಾರು 18 ಸೆಂಟಿಮೀಟರ್ ಉದ್ದ, 30ರಿಂದ 40 ಗ್ರಾಂ ತೂಕ. ಕಾಡಿನಲ್ಲಿ ಇದರ ಬಣ್ಣ ಒಂದೇ: ಹಸಿರು ಮೈ, ಹಳದಿ ಮುಖ, ಬೆನ್ನಿನ ಮೇಲೆ ಕಪ್ಪು ಅಲೆಗಳಂತಹ ಗೆರೆಗಳು. ಮಳೆ ಎಲ್ಲಿ ಬಿದ್ದಿತೋ, ಹುಲ್ಲು ಎಲ್ಲಿ ಕಾಳುಗಟ್ಟಿತೋ ಅಲ್ಲಿಗೆ ಹಿಂಡುಹಿಂಡಾಗಿ ಹಾರುವುದು, ನೀಲಗಿರಿ ಜಾತಿಯ ಮರಗಳ ಪೊಟರೆಗಳಲ್ಲಿ ನಾಲ್ಕಾರು ಮೊಟ್ಟೆಗಳನ್ನಿಟ್ಟು ಮರಿಮಾಡುವುದು, ಬರ ಬಂದಾಗ ಮತ್ತೆ ದೂರದ ದಾರಿ ಹಿಡಿಯುವುದು ಅದರ ಜೀವನಕ್ರಮ. ಒಂಟಿತನವೆಂಬುದು ಆ ಹಕ್ಕಿಗೆ ಸಹಜವಲ್ಲ.

1805ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಎಂಬ ವಿದ್ವಾಂಸನು ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದನು. ಜೀವಂತ ಹಕ್ಕಿಗಳು ಯುರೋಪಿಗೆ ಬಂದದ್ದು 1840ರಲ್ಲಿ. ಪಕ್ಷಿಶಾಸ್ತ್ರಜ್ಞ ಜಾನ್ ಗೂಲ್ಡ್ ಆಸ್ಟ್ರೇಲಿಯ ಪ್ರವಾಸದಿಂದ ಮರಳುವಾಗ, ತನ್ನ ಭಾವಮೈದುನ ಚಾರ್ಲ್ಸ್ ಕಾಕ್ಸನ್ ಸಾಕಿದ್ದ ಹಕ್ಕಿಗಳನ್ನು ಜೊತೆಗೆ ತಂದನು. ಮನುಷ್ಯನ ಮಾತನ್ನು ಅನುಕರಿಸಬಲ್ಲ, ಬೇಗ ಹೊಂದಿಕೊಳ್ಳುವ, ಕಾಳು ತಿಂದು ಬದುಕುವ ಈ ಹಕ್ಕಿಗೆ ಶ್ರೀಮಂತರ ಮನೆಗಳಲ್ಲಿ ಬೇಡಿಕೆ ಹುಟ್ಟಿತು. ಮುಂದಿನ ದಶಕಗಳಲ್ಲಿ ನೀರಿನ ಸೆಲೆಗಳ ಬಳಿ ಬಲೆ ಬೀಸಿ ಹಿಡಿದ ಸಹಸ್ರಾರು ಹಕ್ಕಿಗಳು ಹಡಗುಗಳಲ್ಲಿ ತುಂಬಿ ಸಾಗಿದವು. ಅವುಗಳಲ್ಲಿ ಅನೇಕವು ಸಮುದ್ರಮಾರ್ಗದಲ್ಲಿಯೇ ಪ್ರಾಣಬಿಟ್ಟವು.

1850ರ ದಶಕದಿಂದ ಯುರೋಪಿನಲ್ಲಿಯೇ ಮರಿಮಾಡಿಸುವ ಕ್ರಮ ಆರಂಭವಾಯಿತು. 19ನೆಯ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ತುಲೂಸ್ ನಗರದಲ್ಲಿ ದೊಡ್ಡ ಸಾಕಣೆ ಕೇಂದ್ರಗಳಿದ್ದವು. ಬಲೆಯ ಅಗತ್ಯ ಕಡಿಮೆಯಾಯಿತೆಂಬುದು ಒಂದು ಸಮಾಧಾನ. ಆದರೆ ಅಲ್ಲಿಂದಾಚೆಗೆ ಹಕ್ಕಿಯ ದೇಹವೇ ಮಾನವನ ಅಭಿರುಚಿಗೆ ಒಳಗಾಯಿತು. 1870ರ ದಶಕದಲ್ಲಿ ಬೆಲ್ಜಿಯಂನಲ್ಲಿ ಹಳದಿ ಹಕ್ಕಿ, ಅನಂತರ ನೀಲಿ ಹಕ್ಕಿ ಕಾಣಿಸಿಕೊಂಡವು. 1910ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ನೀಲಿ ಹಕ್ಕಿ ಜನರನ್ನು ಬೆರಗುಗೊಳಿಸಿತು. 1920ರ ದಶಕದಲ್ಲಿ ಜಪಾನಿನ ಶ್ರೀಮಂತರು ಅದಕ್ಕಾಗಿ ಬಹು ದೊಡ್ಡ ಬೆಲೆ ತೆತ್ತರು. ಆ ಹುಚ್ಚು ಇಳಿದೊಡನೆ ಬೆಲೆಯೂ ನೆಲಕಚ್ಚಿತು. 1925ರಲ್ಲಿ ಇಂಗ್ಲೆಂಡಿನಲ್ಲಿ ಈ ಹಕ್ಕಿಯ ಸಾಕಣೆಗಾರರದೇ ಒಂದು ಸಂಘ ಸ್ಥಾಪನೆಯಾಯಿತು.

ನೀಲಿ ಬಣ್ಣವೆಂಬುದು ಹೊಸದಾಗಿ ಸೇರಿದ ಸಂಪತ್ತಲ್ಲ, ಒಂದು ಕೊರತೆ. ಹಳದಿ ವರ್ಣದ್ರವ್ಯ ಉಂಟಾಗದಿದ್ದಾಗ ಹಸಿರು ಹಕ್ಕಿ ನೀಲಿಯಾಗಿ ತೋರುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು ವಿಜ್ಞಾನಿಗಳು 2017ರಲ್ಲಿ ಗುರುತಿಸಿದರು. ತಂದೆತಾಯಿಗಳಿಬ್ಬರಿಂದಲೂ ಆ ಗುಣ ಬಂದರೆ ಮಾತ್ರ ಮರಿ ನೀಲಿಯಾಗುವುದು. ಆದುದರಿಂದ ಅಪರೂಪದ ಬಣ್ಣವನ್ನು ಉಳಿಸಿಕೊಳ್ಳಲು ಹತ್ತಿರದ ರಕ್ತಸಂಬಂಧದ ಹಕ್ಕಿಗಳನ್ನೇ ಜೋಡಿಮಾಡುವ ಪದ್ಧತಿ ಬೆಳೆಯಿತು. ಪ್ರದರ್ಶನಕ್ಕೆಂದು ಬೆಳೆಸಿದ ತಳಿಗಳಲ್ಲಿ ತಲೆ ದೊಡ್ಡದಾಗಿ, ಕಣ್ಣುಗಳನ್ನು ಮುಚ್ಚುವಷ್ಟು ಗರಿ ಬೆಳೆಯುವುದುಂಟು. ಕೆಲವು ಮರಿಗಳಲ್ಲಿ ಗರಿಗಳ ಬೆಳವಣಿಗೆ ನಿಲ್ಲುವುದೇ ಇಲ್ಲ. ಅವು ಹಾರಲಾರದೆ, ಸರಿಯಾಗಿ ನೋಡಲಾರದೆ ಅಲ್ಪಾಯುಗಳಾಗುತ್ತವೆ. ಮನುಷ್ಯನ ಕಣ್ಣಿನ ಸುಖಕ್ಕೆ ಹಕ್ಕಿ ತನ್ನ ಕಣ್ಣನ್ನೇ ತೆರಬೇಕಾಯಿತು.

ನಮ್ಮ ದೇಶದ ಪೇಟೆ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಅದರ 1991ರ ತಿದ್ದುಪಡಿಗಳ ಫಲವಾಗಿ ದೇಶೀಯ ಗಿಳಿ, ಮುನಿಯ ಮೊದಲಾದ ಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧವಾಯಿತು. ಬಜರಿಗಾರ್ ವಿದೇಶೀಯವಾದುದರಿಂದ ಈ ನಿಷೇಧಕ್ಕೆ ಒಳಪಡಲಿಲ್ಲ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಅಂಗಡಿಗಳಿಂದ ಹಿಡಿದು ಸಣ್ಣ ಊರುಗಳ ಸಂತೆಗಳವರೆಗೆ ಇಂದು ಕಾಣುವುದು ಹೆಚ್ಚಾಗಿ ಪಂಜರದಲ್ಲಿಯೇ ಹುಟ್ಟಿದ ಇಂತಹ ಹಕ್ಕಿಗಳು. ಅನೇಕ ಮನೆಗಳ ಮಹಡಿಗಳಲ್ಲಿ ತೂತು ಕೊರೆದ ಮಣ್ಣಿನ ಕುಡಿಕೆಗಳನ್ನು ಕಟ್ಟಿ ಮರಿಮಾಡಿಸುವ ಚಿಕ್ಕ ಉದ್ಯಮಗಳೂ ಇವೆ.

ವ್ಯಾಪಾರ ಕಾನೂನುಸಮ್ಮತವೆಂದ ಮಾತ್ರಕ್ಕೆ ಕಟ್ಟುಪಾಡುಗಳಿಲ್ಲವೆಂದಲ್ಲ. ಚಲನವಲನಕ್ಕೆ ಸಾಕಷ್ಟು ಅವಕಾಶವಿಲ್ಲದ ಪಂಜರದಲ್ಲಿ ಪ್ರಾಣಿಯನ್ನಿಡುವುದು 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿಗಳ ಅಂಗಡಿಗಳು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಲೇಬೇಕು.

ಶಾಸ್ತ್ರದ ನೋಟ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರವು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಂಧವನ್ನು ಹಗ್ಗ ಸಂಕೋಲೆಗಳಿಗೆ ಸೀಮಿತಗೊಳಿಸದೆ, ಜೀವಿಯ ಇಷ್ಟದ ಚಲನೆಗೆ ಒಡ್ಡುವ ತಡೆಯೆಂದೇ ವಿವರಿಸುತ್ತಾರೆ. ಪಂಜರ ಇದಕ್ಕಿಂತ ಬೇರೆಯಲ್ಲ. ಹಾರದಂತೆ ರೆಕ್ಕೆಯ ಗರಿಗಳನ್ನು ಕತ್ತರಿಸುವುದು ಛೇದದ ನೆರಳಿಗೆ ಬರುತ್ತದೆ. ಪ್ರವಾಸ ಹೋಗುವಾಗ ಒಂದು ಬಟ್ಟಲು ಕಾಳಿಟ್ಟು ಬಾಗಿಲು ಹಾಕಿಕೊಂಡು ಹೋಗುವುದು ಅನ್ನಪಾನನಿರೋಧವೇ ಆಗಬಹುದು. ಇನ್ನು 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗಿಳಿ, ಗೊರವಂಕ ಮೊದಲಾದವನ್ನು ಹಣಕ್ಕಾಗಿ ಸಾಕುವ ವೃತ್ತಿಯನ್ನು ಶ್ರಾವಕನಿಗೆ ವರ್ಜ್ಯವಾದ ಉದ್ಯೋಗಗಳ ಸಾಲಿನಲ್ಲಿಯೇ ಸೇರಿಸಿದ್ದಾರೆ.

ತಾನು ಸಾಕಣೆಗಾರನಲ್ಲ, ಕೇವಲ ಕೊಳ್ಳುವವನೆಂಬ ಸಮಜಾಯಿಷಿಗೂ ಇಲ್ಲಿ ಹೆಚ್ಚು ಅವಕಾಶವಿಲ್ಲ. ಕೃತ, ಕಾರಿತ, ಅನುಮತ ಎಂಬ ಮೂರೂ ದ್ವಾರಗಳಿಂದ ಕರ್ಮಾಸ್ರವವಾಗುತ್ತದೆ. ಕೊಂಡ ಪ್ರತಿಯೊಂದು ಹಕ್ಕಿಯ ಜಾಗದಲ್ಲಿ ಇನ್ನೊಂದನ್ನು ಹುಟ್ಟಿಸಲು ಆ ಹಣವೇ ಆಜ್ಞೆಯಾಗುತ್ತದೆ. ಹಾರಿಬಿಡಲೆಂದು ಕೊಂಡರೂ ಅಂಗಡಿಯವನ ಲೆಕ್ಕದಲ್ಲಿ ಅದು ಮಾರಾಟವೇ.

ಹಾಗಾದರೆ ಬಾಗಿಲು ತೆರೆದುಬಿಡುವುದೇ ಪರಿಹಾರವೆ? ಇತಿಹಾಸ ಇಲ್ಲಿ ಎಚ್ಚರಿಸುತ್ತದೆ. ಅಮೆರಿಕದ ಫ್ಲಾರಿಡಾ ಪ್ರಾಂತದ ಕರಾವಳಿಯಲ್ಲಿ 1950ರ ದಶಕದಿಂದ ಪಂಜರ ಬಿಟ್ಟ ಬಜರಿಗಾರ್‌ಗಳು ನೆಲೆಯೂರಿ ಸಹಸ್ರಾರು ಸಂಖ್ಯೆಗೆ ಬೆಳೆದಿದ್ದವು. ಅಲ್ಲಿಯೂ 1980ರ ದಶಕದಿಂದ ಅವು ಕುಸಿಯುತ್ತ ಬಂದು 2014ರ ಹೊತ್ತಿಗೆ ಕಣ್ಮರೆಯಾದವು. ಅನುಕೂಲ ಹವೆಯಲ್ಲಿ ಹಿಂಡುಗಟ್ಟಿದವುಗಳ ಗತಿಯೇ ಹೀಗಿರುವಾಗ, ನಮ್ಮ ಊರಿನ ಬಸದಿಯ ಅಂಗಳದಿಂದ ಹಾರಿಹೋದ ಒಂದೆರಡು ಹಕ್ಕಿಗಳ ಪಾಡೇನು? ಬಟ್ಟಲಲ್ಲಲ್ಲದೆ ಬೇರೆಲ್ಲೂ ಕಾಳು ಕಂಡರಿಯದ, ಕಾಗೆ ಗಿಡುಗಗಳ ಭಯವರಿಯದ, ದೂರದಿಂದಲೇ ಕಣ್ಸೆಳೆಯುವ ಬಣ್ಣದ ಆ ಹಕ್ಕಿಗೆ ಸ್ವಾತಂತ್ರ್ಯ ಸಾಮಾನ್ಯವಾಗಿ ಒಂದೆರಡು ದಿನಗಳ ಮಾತು. ನೂರೆಂಬತ್ತು ವರ್ಷಗಳ ಸಾಕಣೆ ಅದನ್ನು ಕಾಡಿಲ್ಲದ ಹಕ್ಕಿಯಾಗಿಸಿದೆ. ಅದರ ಪಾಲಿಗೆ ಅಭಯವೆಂದರೆ ತೆರೆದ ಬಾಗಿಲಲ್ಲ, ಕೈಬಿಡದ ಪೋಷಣೆ.

ತರುವ ಮುನ್ನ, ತಂದ ಮೇಲೆ

ಆದುದರಿಂದ ಹೊಸದಾಗಿ ಹಕ್ಕಿಯನ್ನು ತರದಿರುವುದೇ ಶ್ರಾವಕ ಕುಟುಂಬಕ್ಕೆ ಪ್ರಥಮ ಪಕ್ಷ. ಮಕ್ಕಳ ಹಟ ತೀರದಾದರೆ, ಸಾಕಲಾಗದೆ ಬಿಟ್ಟುಕೊಡುವವರ ಮನೆಯ ಹಕ್ಕಿಗೆ ಆಶ್ರಯ ನೀಡುವುದು ದ್ವಿತೀಯ. ಸಾಕಣೆಗಾರನಿಂದಲೇ ಪಡೆಯುವ ಪ್ರಸಂಗ ಬಂದರೆ ಅವನ ಮನೆಗೆ ಹೋಗಿ ಕಣ್ಣಾರೆ ನೋಡಬೇಕು. ಹಕ್ಕಿಗಳಿಗೆ ಹಾರಲು ಜಾಗವಿದೆಯೆ, ನೀರು ಶುಚಿಯಾಗಿದೆಯೆ, ತಾಯಿಹಕ್ಕಿಗೆ ಬಿಡುವಿಲ್ಲದೆ ಮೇಲಿಂದ ಮೇಲೆ ಮೊಟ್ಟೆಯಿಡಿಸುತ್ತಿರುವನೆ ಎಂಬುದನ್ನು ವಿಚಾರಿಸಬೇಕು. ಮರಿ ಸುಮಾರು ಐದು ವಾರಕ್ಕೆ ಗೂಡು ಬಿಡುತ್ತದೆ. ತಾನೇ ಕಾಳು ಒಡೆದು ತಿನ್ನಲು ಚೆನ್ನಾಗಿ ಕಲಿಯುವ ಮುನ್ನ ತರಬಾರದು. ಹಣೆಯ ಗೆರೆಗಳು ಕೊಕ್ಕಿನ ಬುಡದವರೆಗೂ ಇದ್ದರೆ ಅದು ಎಳೆಯ ಹಕ್ಕಿ. ಬೆಳೆದ ಮೇಲೆ ಕೊಕ್ಕಿನ ಮೇಲಣ ತೊಗಲು ಸಾಮಾನ್ಯವಾಗಿ ಗಂಡಿನಲ್ಲಿ ನೀಲಿ, ಹೆಣ್ಣಿನಲ್ಲಿ ಕಂದು. ಗರಿ ಉಬ್ಬಿಸಿಕೊಂಡು ತೂಕಡಿಸುವುದು, ಉಸಿರಿನೊಡನೆ ಬಾಲ ಅಲುಗುವುದು ಕಾಯಿಲೆಯ ಲಕ್ಷಣಗಳು. ಹಕ್ಕಿ ತನ್ನ ರೋಗವನ್ನು ಕೊನೆಯವರೆಗೂ ಮರೆಮಾಚುವುದರಿಂದ ಇಂತಹ ಚಿಹ್ನೆ ಕಂಡ ದಿನವೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಪಂಜರ ಎತ್ತರಕ್ಕಿಂತ ಅಗಲವಾಗಿರಬೇಕು. ಜೋಡಿಗೆ ಎರಡೂವರೆ ಅಡಿಗಿಂತ ಕಡಿಮೆ ಅಗಲ ಸಲ್ಲದು. ಕೂರಲು ಸೀಬೆ ಅಥವಾ ಬೇವಿನ ಒಣಗಿದ ಕೊಂಬೆಗಳು ದಪ್ಪ ತೆಳುವಾಗಿ ಬೇರೆ ಬೇರೆ ಇದ್ದರೆ ಕಾಲುಗಳಿಗೆ ಹಿತ. ದಿನಕ್ಕೊಮ್ಮೆಯಾದರೂ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿ, ಕೋಣೆಯೊಳಗೆ ಹಾರಲು ಬಿಡುವುದು ಬಂಧದ ದೋಷವನ್ನು ತಕ್ಕಮಟ್ಟಿಗೆ ಹಗುರಗೊಳಿಸುತ್ತದೆ. ಹಿಂಡಿನ ಹಕ್ಕಿಯಾದುದರಿಂದ ಒಂದನ್ನೇ ಇಡುವುದು ಕ್ರೂರವೇ. ಆದರೆ ಜೋಡಿಯಿಟ್ಟು ಕುಡಿಕೆ ಕಟ್ಟಿದರೆ ಸಂತತಿ ಬೆಳೆಯುತ್ತದೆ, ಆ ಮರಿಗಳು ಮತ್ತೆ ಯಾರದೋ ಪಂಜರ ಸೇರುತ್ತವೆ. ಕುಡಿಕೆಯನ್ನು ಕಟ್ಟದಿರುವುದು ಇಲ್ಲಿ ಪರಿಗ್ರಹಪರಿಮಾಣದ ಪಾಲನೆಯೂ ಹೌದು.

ಆಹಾರದ ವಿಷಯದಲ್ಲಿ ಜೈನ ಅಡುಗೆಮನೆಗೆ ತೊಡಕಿಲ್ಲ. ನವಣೆ, ಸಾಮೆಗಳು ಮೂಲಾಹಾರ. ಕಾಳೊಂದನ್ನೇ ಕೊಟ್ಟರೆ ಕೊಬ್ಬು ಬೆಳೆದು ಜೀವಸತ್ತ್ವಗಳ ಕೊರತೆಯಾಗುವುದರಿಂದ ಕೊತ್ತಂಬರಿ, ನುಗ್ಗೆ, ಮೆಂತ್ಯದ ಸೊಪ್ಪುಗಳನ್ನು ತೊಳೆದು ನಿತ್ಯವೂ ಕೊಡಬೇಕು. ಕಂದಮೂಲಗಳ ಅಗತ್ಯವಿಲ್ಲ. ಕೆಲವು ಸಾಕಣೆಗಾರರು ಮರಿಮಾಡುವ ಹಕ್ಕಿಗಳಿಗೆ ಬೇಯಿಸಿದ ಮೊಟ್ಟೆ ಕೊಡುವುದುಂಟು. ಮನೆಯ ಬೆಳೆದ ಹಕ್ಕಿಗೆ ಅದು ಬೇಕಿಲ್ಲ. ಬೆಣ್ಣೆಹಣ್ಣು ಮತ್ತು ಚಾಕೊಲೇಟು ವಿಷ. ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದಾಗ ಏಳುವ ಹೊಗೆ ನಿಮಿಷಗಳಲ್ಲಿ ಹಕ್ಕಿಯನ್ನು ಕೊಲ್ಲಬಲ್ಲದು. ಊದುಬತ್ತಿ, ಧೂಪಗಳ ಹೊಗೆಯೂ ಅದರ ಸೂಕ್ಷ್ಮ ಶ್ವಾಸಾಂಗಕ್ಕೆ ಹಾನಿಕರ. ಆದುದರಿಂದ ಪಂಜರ ಅಡುಗೆಮನೆಯಿಂದಲೂ ದೇವರ ಕೋಣೆಯಿಂದಲೂ ದೂರವಿರಬೇಕು. ಸೂರ್ಯಾಸ್ತದ ಬಳಿಕ ಬಜರಿಗಾರ್ ತಾನಾಗಿಯೇ ಆಹಾರ ಮುಟ್ಟದು; ಅದಕ್ಕೆ ಹತ್ತು ಹನ್ನೆರಡು ತಾಸುಗಳ ಕತ್ತಲೆ ಮತ್ತು ಮೌನ ಬೇಕು. ಅನಸ್ತಮಿತದ ನಿಯಮವನ್ನು ಹುಟ್ಟಿನಿಂದಲೇ ಪಾಲಿಸುವ ಆ ಅತಿಥಿಯ ಮುಂದೆ ನಡುರಾತ್ರಿಯವರೆಗೆ ಟೆಲಿವಿಷನ್ ಗದ್ದಲವಿರುವುದು ಉಚಿತವಲ್ಲ.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕರ್ತವ್ಯವಿದೆ. ಹಾರಿಬಿಡಲೆಂದು ಯಾರಾದರೂ ಬಣ್ಣದ ಹಕ್ಕಿಗಳನ್ನು ತಂದರೆ ಅವನ್ನು ಹಾರಿಬಿಡದೆ, ಪೋಷಿಸಬಲ್ಲವರಿಗೆ ಒಪ್ಪಿಸುವ ವ್ಯವಸ್ಥೆಯಿರಲಿ. ದೇಶೀಯ ಹಕ್ಕಿಗಳಾದರೆ ಅರಣ್ಯ ಇಲಾಖೆಗೆ ತಿಳಿಸುವುದು ಯುಕ್ತ. ಹಕ್ಕಿ ಕೊಳ್ಳಲು ವಿನಿಯೋಗವಾಗುತ್ತಿದ್ದ ಹಣ ಗಾಯಗೊಂಡ ಹಕ್ಕಿಗಳ ಚಿಕಿತ್ಸೆಗೆ, ಬೇಸಗೆಯಲ್ಲಿ ನೀರಿನ ತೊಟ್ಟಿಗಳಿಗೆ ಸಲ್ಲಲಿ. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ ಪಕ್ಷಿ ಆಸ್ಪತ್ರೆ ಇದಕ್ಕೆ ಅನುಕರಣೀಯ ಮಾದರಿ.

ಚೆನ್ನಾಗಿ ನೋಡಿಕೊಂಡ ಬಜರಿಗಾರ್ ಐದರಿಂದ ಎಂಟು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬಾಳುತ್ತದೆ. ಹಕ್ಕಿಗಾಗಿ ಹಟಹಿಡಿದ ಮಗು ಅಷ್ಟರಲ್ಲಿ ಓದಿಗೆಂದು ಊರು ಬಿಟ್ಟಿರಬಹುದು. ಹಕ್ಕಿ ಮಾತ್ರ ಅಲ್ಲಿಯೇ ಇರುತ್ತದೆ. ಅಷ್ಟೂ ವರ್ಷ ಬೆಳಿಗ್ಗೆ ಎದ್ದು ನೀರು ಬದಲಿಸುವ ಕೈ ಯಾವುದೆಂಬುದನ್ನು ಕೊಳ್ಳುವ ಮುನ್ನವೇ ಮನೆಯವರೆಲ್ಲರೂ ಕೂಡಿ ನಿಶ್ಚಯಿಸಲಿ. ಉತ್ತರ ದೊರೆಯದಿದ್ದರೆ ಪೇಟೆಯಿಂದ ಬರಿಗೈಯಲ್ಲಿ ಹಿಂದಿರುಗುವುದೂ ಜೀವದಯೆಯೇ. ಉತ್ತರ ದೊರೆತು ಹಕ್ಕಿ ಮನೆಗೆ ಬಂದರೆ, ಆಹಾರ, ಔಷಧ, ಅಭಯ ಎಂಬ ಮೂರು ದಾನಗಳೂ ಆ ಒಂದೇ ಪುಟ್ಟ ಜೀವಕ್ಕೆ ಪ್ರತಿನಿತ್ಯ ಸಲ್ಲಬೇಕು.