ಸ್ವಾಸೋಂನ ಸಂತ ಆರ್ನುಲ್ಫ್

11ನೇ ಶತಮಾನದಲ್ಲಿ ಬಾಳಿದ ಆರ್ನುಲ್ಫ್ ಸೈನಿಕನಾಗಿ ಬದುಕು ಆರಂಭಿಸಿ, ಸನ್ಯಾಸಿಯಾಗಿ, ಉತ್ತರ ಫ್ರಾನ್ಸಿನ ಸ್ವಾಸೋಂ ನಗರಕ್ಕೆ ಬಿಷಪ್ ಆದವನು. ಅವನು ಹುಟ್ಟಿದ್ದು ಸುಮಾರು 1040ರಲ್ಲಿ, ಫ್ಲಾಂಡರ್ಸ್ ಪ್ರಾಂತ್ಯದ ಟೀಗೆಮ್ ಎಂಬ ಊರಿನಲ್ಲಿ. ಆ ಊರು ಈಗ ಬೆಲ್ಜಿಯಂಗೆ ಸೇರಿದೆ. ಉಳ್ಳವರ ಮನೆಯ ಹುಡುಗರು ಕುದುರೆಯನ್ನೂ ಆಯುಧವನ್ನೂ ಹಿಡಿದು ಒಡೆಯನ ಸೇವೆಗೆ ನಿಲ್ಲುವುದು ಅಲ್ಲಿನ ವಾಡಿಕೆ. ಆರ್ನುಲ್ಫ್ ಕೂಡ ನೈಟ್ ಆಗಿ ಫ್ರಾನ್ಸಿನ ದೊರೆಯ ಪಡೆಗಳಲ್ಲಿ ಹೋರಾಡಿ ಹೆಸರು ಗಳಿಸಿದ.

ಯೌವನದಲ್ಲೇ ಅವನು ಕತ್ತಿ ಕೆಳಗಿಟ್ಟು ಸ್ವಾಸೋಂನ ಸಂತ ಮೆಡಾರ್ಡ್ ಮಠವನ್ನು ಸೇರಿದ. 6ನೇ ಶತಮಾನದಿಂದ ರಾಜಾಶ್ರಯ ಪಡೆದಿದ್ದ ಈ ಬೆನೆಡಿಕ್ಟೀನ್ ಮಠಕ್ಕೆ ಸಂಪತ್ತೂ ಪ್ರಭಾವವೂ ಇದ್ದವು. ಆರ್ನುಲ್ಫ್ ಅದಕ್ಕೆ ಮನಸೋಲದೆ ಸುಮಾರು ಮೂರು ವರ್ಷ ಪ್ರತ್ಯೇಕ ಕೋಣೆಯಲ್ಲಿ ಏಕಾಂತವ್ರತ ಹಿಡಿದು ಪ್ರಾರ್ಥನೆ, ಉಪವಾಸಗಳಲ್ಲಿ ಕಳೆದ. ಮಠದವರು ಅವನನ್ನೇ ಮಠಾಧಿಪತಿಯಾಗಿ ಆರಿಸಿದಾಗ ಅವನು ತಪ್ಪಿಸಿಕೊಂಡು ಓಡಿದನೆಂದೂ, ದಾರಿಯಲ್ಲಿ ತೋಳವೊಂದು ಅಡ್ಡಗಟ್ಟಿ ಹಿಂದಕ್ಕೆ ಅಟ್ಟಿತೆಂದೂ ಐತಿಹ್ಯ ಹೇಳುತ್ತದೆ.

ಬಿಷಪ್ ಪದವಿ ಅವನಿಗೆ ಬಂದದ್ದು ಒಂದು ದೊಡ್ಡ ಜಗಳದ ನಡುವೆ. ಆ ಕಾಲದಲ್ಲಿ ಬಿಷಪ್ ಎಂದರೆ ಧರ್ಮಗುರು ಮಾತ್ರವಲ್ಲ, ಜಮೀನು, ಕಂದಾಯ, ಆಳುಗಳುಳ್ಳ ಒಡೆಯನೂ ಹೌದು. ಹಾಗಾಗಿ ಆ ಗದ್ದುಗೆಯ ಮೇಲೆ ತಮ್ಮವರನ್ನು ಕೂರಿಸಲು ರಾಜರು ಹವಣಿಸುತ್ತಿದ್ದರು. 1073ರಲ್ಲಿ ಪೋಪ್ ಆದ ಏಳನೇ ಗ್ರೆಗೊರಿ ಈ ಪದ್ಧತಿಗೂ ಧರ್ಮಪದವಿಗಳ ಮಾರಾಟಕ್ಕೂ ತಡೆ ಹಾಕಲು ಹೊರಟ. ಫ್ರಾನ್ಸಿನಲ್ಲಿ ಅವನ ಪ್ರತಿನಿಧಿಯಾಗಿದ್ದವನು ದೀ ನಗರದ ಬಿಷಪ್ ಹ್ಯೂ. ಸ್ವಾಸೋಂನ ಗದ್ದುಗೆಯಲ್ಲಿದ್ದ ಉರ್ಸಿಯೋ ರಾಜನ ಕಡೆಯವನು. ಹ್ಯೂ ಅವನನ್ನು ಇಳಿಸಿದ ಮೇಲೆ ಆ ಸ್ಥಾನ ಆರ್ನುಲ್ಫ್‌ಗೆ ಬಂತು. 1081ರ ಹೊತ್ತಿಗೆ ಅವನು ಬಿಷಪ್ ಆಗಿದ್ದ. ಆದರೆ ಉರ್ಸಿಯೋ ಪಕ್ಷದವರು ಅವನಿಗೆ ನಗರದೊಳಗೆ ಕಾಲಿಡಲು ಬಿಡಲಿಲ್ಲ. ದೊರೆ ಒಂದನೇ ಫಿಲಿಪ್‌ನ ಬೆಂಬಲವೂ ಅವರಿಗಿತ್ತು. ಸ್ವಾಸೋಂನ ಬಿಷಪ್ ಸ್ವಾಸೋಂನಿಂದ ಹೊರಗೆ, ಉಲ್ಶಿ ಎಂಬ ಊರಿನಲ್ಲಿ ಬಿಡಾರ ಹೂಡಿ ಕೆಲಸ ನಡೆಸಬೇಕಾಯಿತು.

ಸ್ವಂತ ಗದ್ದುಗೆಯಲ್ಲಿ ಸಿಗದ ನೆಲೆ ಅವನಿಗೆ ಹುಟ್ಟುನಾಡಿನಲ್ಲಿ ಸಿಕ್ಕಿತು. ಫ್ಲಾಂಡರ್ಸ್‌ನ ಕೌಂಟ್ ರಾಬರ್ಟ್‌ಗೂ ಅಲ್ಲಿನ ಪಾದ್ರಿಗಳಿಗೂ ಮನಸ್ತಾಪ ಬೆಳೆದಿತ್ತು. ಅದನ್ನು ತಿಳಿಗೊಳಿಸಲು ಪೋಪ್‌ನ ಪರವಾಗಿ ಹೋದವರಲ್ಲಿ ಆರ್ನುಲ್ಫ್ ಒಬ್ಬ. ಅಲ್ಲಿ ಅವನ ಎದುರಿಗೆ ಬಂದದ್ದು ಇನ್ನೂ ಹಳೆಯದಾದ ರೋಗ: ಮನೆತನಗಳ ನಡುವಿನ ಸೇಡು. ಒಂದು ಕೊಲೆಗೆ ಇನ್ನೊಂದು ಕೊಲೆಯೇ ಉತ್ತರ; ಸೇಡು ಬಿಡಬೇಕಾದರೆ ಸತ್ತವನ ಬಂಧುಗಳಿಗೆ ಪರಿಹಾರಧನ ಸಲ್ಲಬೇಕು. ಅಲ್ಲಿನ ಬ್ರೂಜ್ ನಗರದ ಸುತ್ತಿನಲ್ಲಿ ಒಂದು ವರ್ಷಕ್ಕೆ ನಡೆಯುತ್ತಿದ್ದ ಕೊಲೆಗಳಿಗೆ 10,000 ಮಾರ್ಕ್ ಬೆಳ್ಳಿ ಕೊಟ್ಟರೂ ಸಾಲದು ಎನ್ನುತ್ತದೆ ಆರ್ನುಲ್ಫ್‌ನ ಚರಿತ್ರೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಸೇಡಿನ ಹಾವಳಿ ಮಾತ್ರ ನಿಜ. ಆರ್ನುಲ್ಫ್ ಊರೂರು ಸುತ್ತಿ ವೈರಿಗಳನ್ನು ಕೂಡಿಸಿ ರಾಜಿ ಮಾಡಿಸಿದ. ಕತ್ತಿ ಹಿಡಿದು ಬಾಳಿದ್ದ ಅವನಿಗೆ ನೈಟ್‌ಗಳ ಮಾನ, ಛಲ, ಸೇಡುಗಳೆಲ್ಲ ಪರಿಚಿತವೇ.

1084ರಲ್ಲಿ, ಫ್ಲಾಂಡರ್ಸ್‌ನಲ್ಲೇ ಹಳೆಯ ರೋಮನ್ ಕೋಟೆಯ ಅವಶೇಷಗಳಿದ್ದ ಔಡೆನ್‌ಬರ್ಗ್‌ನಲ್ಲಿ ಅವನು ಸಂತ ಪೀಟರನ ಹೆಸರಿನ ಮಠವನ್ನು ಸ್ಥಾಪಿಸಿದ. 1087ರ ಆಗಸ್ಟ್‌ನಲ್ಲಿ ಅಲ್ಲೇ ತೀರಿಕೊಂಡ. ಸ್ವಾಸೋಂನ ಮುಂದಿನ ಬಿಷಪ್‌ಗಳಲ್ಲೊಬ್ಬನಾದ ಲಿಸಿಯಾರ್ಡ್ ಮತ್ತು ಔಡೆನ್‌ಬರ್ಗ್‌ನ ಮಠಾಧಿಪತಿ ಹರಿಯುಲ್ಫ್ ಅವನ ಚರಿತ್ರೆಯನ್ನು ಲ್ಯಾಟಿನ್‌ನಲ್ಲಿ ಬರೆದರು. ಸಮಾಧಿಯ ಬಳಿ ಪವಾಡಗಳು ನಡೆದವೆಂಬ ಸುದ್ದಿ ಹಬ್ಬಿತು. ಅವನು ಸತ್ತು ಮೂರು ದಶಕ ದಾಟಿದ ಮೇಲೆ, 1120ರ ಆಸುಪಾಸಿನಲ್ಲಿ, ಚರ್ಚು ಅವನನ್ನು ಸಂತನೆಂದು ಘೋಷಿಸಿತು.

ಇಂದು ಜನರಿಗೆ ಅವನ ಗುರುತು ಬೇರೆಯೇ. ಬೆಲ್ಜಿಯಂನಲ್ಲಿ ಅವನು ಬಿಯರ್ ತಯಾರಕರ ಸಂತ. ಚಿತ್ರಗಳಲ್ಲೂ ಪ್ರತಿಮೆಗಳಲ್ಲೂ ಬಿಷಪ್ ಟೋಪಿ ತೊಟ್ಟ ಅವನ ಕೈಯಲ್ಲಿ ಉದ್ದ ಹಿಡಿಯ ಮರದ ಹುಟ್ಟು ಇರುತ್ತದೆ; ಬಿಸಿನೀರಿನಲ್ಲಿ ನೆನೆದ ಬಾರ್ಲಿ ಮೊಳಕೆಹಿಟ್ಟನ್ನು ಕಲಕುವ ಸಾಧನ ಅದು. ಸಾಂಕ್ರಾಮಿಕ ರೋಗ ಹರಡಿದಾಗ ನೀರು ಬಿಟ್ಟು ಬಿಯರ್ ಕುಡಿಯಿರಿ ಎಂದು ಅವನು ಜನರಿಗೆ ಹೇಳಿದ, ಅದನ್ನು ಕೇಳಿದವರು ಬದುಕಿದರು ಎಂಬುದು ಕಥೆ. ಬಿಯರ್ ತಯಾರಿಯಲ್ಲಿ ನೀರು ಕುದಿಯುವುದರಿಂದ ರೋಗಾಣುಗಳು ಸಾಯುತ್ತವೆ ಎಂಬ ವಿವರಣೆ ಇತ್ತೀಚಿನದು. 11ನೇ ಶತಮಾನದವರಿಗೆ ರೋಗಾಣುವಿನ ಅರಿವಿರಲಿಲ್ಲ. ಬಿಯರ್‌ಗೆ ಕಹಿರುಚಿ ಕೊಡುವ ಹಾಪ್ಸ್ ಹೂಗಳನ್ನು ಕೀಳುವವರೂ ಅವನನ್ನು ತಮ್ಮ ಸಂತನೆಂದು ಭಾವಿಸುತ್ತಾರೆ. ಆದರೆ ಆರ್ನುಲ್ಫ್‌ನ ಕಾಲದ ಫ್ಲಾಂಡರ್ಸ್‌ನಲ್ಲಿ ಬಿಯರ್‌ಗೆ ರುಚಿ ಕೊಡುತ್ತಿದ್ದದ್ದು ಹೆಚ್ಚಾಗಿ ಕಾಡುಸೊಪ್ಪುಗಳ ಮಿಶ್ರಣ. ಹಾಪ್ಸ್ ಬಳಕೆ ಅಲ್ಲಿ ವ್ಯಾಪಕವಾದದ್ದು ಶತಮಾನಗಳ ನಂತರ. ಎಂದರೆ ಹಾಪ್ಸ್‌ನೊಂದಿಗಿನ ಅವನ ನಂಟು ನಂತರದ ಭಕ್ತರು ಬೆಸೆದದ್ದು.

ಔಡೆನ್‌ಬರ್ಗ್ ಮಠ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮುಚ್ಚಿಹೋಯಿತು. ಟೀಗೆಮ್‌ನಲ್ಲಿ ಅವನ ಹೆಸರಿನ ಪ್ರಾರ್ಥನಾಮಂದಿರವಿದೆ. ಬ್ರಸೆಲ್ಸ್‌ನ ಬಿಯರ್ ತಯಾರಕರು ಸೆಪ್ಟೆಂಬರ್ ಆರಂಭದ ತಮ್ಮ ಉತ್ಸವದಲ್ಲಿ ನಗರದ ಮುಖ್ಯ ಚರ್ಚಿನಲ್ಲಿ ಅವನ ಹೆಸರಿನಲ್ಲಿ ಪೂಜೆ ಸಲ್ಲಿಸುತ್ತಾರೆ. ಅವನನ್ನು 7ನೇ ಶತಮಾನದ ಮೆಟ್ಸ್ ನಗರದ ಬಿಷಪ್ ಆರ್ನುಲ್ಫ್‌ನೊಂದಿಗೆ ಬೆರೆಸುವುದೂ ಉಂಟು. ಆ ಆರ್ನುಲ್ಫ್ ಕೂಡ ಸಂತ, ಅವನಿಗೂ ಬಿಯರ್ ಕಥೆಗಳು ಅಂಟಿಕೊಂಡಿವೆ. ಆದರೆ ಅವನು ಆಸ್ಥಾನದ ಅಧಿಕಾರಿಯಾಗಿದ್ದು ಬಿಷಪ್ ಆದವನು, ಚಕ್ರವರ್ತಿ ಷಾರ್ಲಮನ್‌ನ ಪೂರ್ವಜ. ಇಬ್ಬರ ನಡುವೆ ನಾಲ್ಕು ಶತಮಾನಗಳ ಅಂತರವಿದೆ.