ಎದುರು ದಿಕ್ಕಿನ ಸೈಕಲ್ಲುಗಳು

ಭಾನುವಾರ ಬೆಳಗಿನ ಐದೂವರೆಗೆ ಬೆಂಗಳೂರಿನ ಮೂರು ಅಂಚುಗಳಿಂದ ಸೈಕಲ್ಲುಗಳು ಹೊರಡುತ್ತವೆ. ವೈಟ್‌ಫೀಲ್ಡ್ ಕಡೆಯವರು ಬೂದಿಗೆರೆ ಕ್ರಾಸ್ ದಾಟಿ, ಬೂದಿಗೆರೆ, ದೇವನಹಳ್ಳಿ ಮೇಲೆ ನಂದಿಬೆಟ್ಟಕ್ಕೆ. ಎಲೆಕ್ಟ್ರಾನಿಕ್ ಸಿಟಿಯವರು ಚಂದಾಪುರದಲ್ಲಿ ಹೊಸೂರು ರಸ್ತೆ ಬಿಟ್ಟು ಆನೇಕಲ್‌ಗೆ, ಕಾಲಲ್ಲಿ ಇನ್ನೂ ಕಸುವಿದ್ದರೆ ಮುತ್ಯಾಲಮಡುವಿಗೆ. ಪೀಣ್ಯದವರು ಸುಂಕದಕಟ್ಟೆ ಹತ್ತಿರ ಮಾಗಡಿ ರಸ್ತೆ ಸೇರಿಕೊಂಡು ತಾವರೆಕೆರೆಗೆ, ಅಲ್ಲಿಂದ ಮಂಚನಬೆಲೆಗೋ ಸಾವನದುರ್ಗಕ್ಕೋ. ತಲೆಗೆ ಹೆಲ್ಮೆಟ್ಟು, ಹಿಂದೆ ಮಿಣುಕುವ ಕೆಂಪು ದೀಪ, ಜೇಬಿನ ಫೋನಿನಲ್ಲಿ ನಾವು ಹೋದ ದಾರಿಗೆ ಗೆರೆ ಎಳೆಯುತ್ತಾ ಕೂತ ಆಪ್.

ಹಲವು ವರ್ಷಗಳಿಂದ ನಾನೂ ಈ ಗುಂಪಿನವನೇ. ನಂದಿಯ ತಪ್ಪಲಲ್ಲಿ ಇಡ್ಲಿ ತಿನ್ನುವಾಗ ಆಗಾಗ ಒಂದು ಚರ್ಚೆ ಏಳುತ್ತೆ: ಈ ರೂಟುಗಳನ್ನೆಲ್ಲ ಮೊದಲು ಕಂಡುಹಿಡಿದವರು ಯಾರು ಅಂತ. ಎರಡು ಸಾವಿರದ ದಶಕದ ಮಧ್ಯದಲ್ಲಿ ಸಾಫ್ಟ್‌ವೇರ್ ಹುಡುಗರು ಗೇರ್ ಸೈಕಲ್ ಕೊಂಡು ಶುರು ಮಾಡಿದ್ರು ಅನ್ನೋದು ಎಲ್ಲರೂ ಒಪ್ಪುವ ಉತ್ತರ. ಹವ್ಯಾಸದ ಮಟ್ಟಿಗೆ ಅದು ಸರಿ. ಆದರೆ ಅದಕ್ಕಿಂತ ಎರಡು ತಲೆಮಾರು ಮೊದಲೇ ಈ ದಾರಿಗಳಲ್ಲಿ ದಿನಾ ಸೈಕಲ್ ಓಡುತ್ತಿತ್ತು. ಅವು ಬರುತ್ತಿದ್ದದ್ದು ನಮ್ಮ ಎದುರು ದಿಕ್ಕಿನಿಂದ.

ಮೊದಲು ದಾರಿಯ ಕಥೆ ಹೇಳಿಬಿಡ್ತೀನಿ, ಆಮೇಲೆ ಸೈಕಲ್ಲಿನದು.

ಈ ಕಡೆಯ ಹಳ್ಳಿ ರಸ್ತೆಗಳಲ್ಲಿ ಊರು ಹತ್ತಿರ ಬಂತು ಅನ್ನೋದನ್ನ ಬೋರ್ಡಿಗಿಂತ ಮೊದಲು ತೊಡೆ ಹೇಳುತ್ತೆ. ಸಣ್ಣ ಇಳಿಜಾರು, ಆಮೇಲೆ ಒಂದಷ್ಟು ದೂರ ಸಪಾಟು, ಒಂದು ಪಕ್ಕ ನೀರೋ ಜೊಂಡೋ, ಇನ್ನೊಂದು ಪಕ್ಕ ತಗ್ಗಿನಲ್ಲಿ ಗದ್ದೆ ತೋಟ, ಮತ್ತೆ ಏರು. ಆ ಸಪಾಟು ಇದೆಯಲ್ಲ, ಅದೇ ಕೆರೆ ಏರಿ. ಬೆಂಗಳೂರು ಕೂತಿರೋದು ದಿಣ್ಣೆಯ ಮೇಲೆ. ಪಶ್ಚಿಮದ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತೆ, ಪೂರ್ವದ ನೀರು ದಕ್ಷಿಣ ಪಿನಾಕಿನಿಗೆ. ಎರಡೂ ನದಿ ಹುಟ್ಟೋದು ನಂದಿಯ ಸುತ್ತಲಿನ ಬೆಟ್ಟಗಳಲ್ಲೇ. ದೊಡ್ಡ ಹೊಳೆ ಇಲ್ಲದ ಈ ನೆಲದಲ್ಲಿ ಜನ ಹಳ್ಳಕ್ಕೆ ಅಡ್ಡ ಏರಿ ಹಾಕಿ, ಒಂದು ಕೆರೆಯ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಸರಪಳಿ ಕಟ್ಟಿದರು. ಏರಿ ಕಟ್ಟಿದ ಮೇಲೆ ಗಾಡಿ ಹೋಗೋದಕ್ಕೂ ಅದೇ ದಾರಿ. ನಮ್ಮ ರೂಟುಗಳು ಎಲ್ಲೆಲ್ಲಿ ಕಾರಣವಿಲ್ಲದೆ ತಿರುಗಿದಂತೆ ಕಾಣುತ್ತೋ ಅಲ್ಲೆಲ್ಲ ಹುಡುಕಿ ನೋಡಿ, ಬಹಳ ಸಲ ಒಂದು ಕೆರೆ ಇರುತ್ತೆ, ಅಥವಾ ಇತ್ತು. ವರ್ತೂರು ಕೋಡಿ ಅಂದ್ರೆ ಈಗ ಎಲ್ಲರಿಗೂ ನೆನಪಾಗೋದು ಟ್ರಾಫಿಕ್ ಜಾಮು. ಕೋಡಿ ಅಂದ್ರೆ ತುಂಬಿದ ಕೆರೆ ಹೆಚ್ಚಿನ ನೀರನ್ನು ಹೊರಬಿಡುವ ಜಾಗ ಅನ್ನೋದು ಹೆಸರಲ್ಲಿ ಮಾತ್ರ ಉಳಿದಿದೆ.

ಈ ಕೆರೆಗಳಿಗೆ ಶಾಸನದ ಸಾಕ್ಷಿ ಇದೆ. ಸರ್ಜಾಪುರ ರಸ್ತೆ ಶುರುವಾಗುವ ಕಡೆ ಇರುವ ಅಗರದಲ್ಲಿ, ಸುಮಾರು ಕ್ರಿ.ಶ. 870ರ ಗಂಗರ ಕಾಲದ ಶಾಸನವೊಂದು ಕೆರೆಗಳಿಗೆ ತೂಬು ಇಡಿಸಿದ್ದನ್ನು ಹೇಳುತ್ತೆ. ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯಲ್ಲಿ ಚೋಳರ ಕಾಲದ, 1043ರ ತಮಿಳು ಶಾಸನ ಪಟ್ಟಂದೂರು ಕೆರೆ ಕಟ್ಟಿದ ಸಂಗತಿ ಹೇಳುತ್ತೆ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನಲ್ಲಿ, ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ನಿಂತಿರುವ ಕಲ್ಲು ಸುಮಾರು 890ರದ್ದು. ‘ಬೆಂಗಳೂರು’ ಅನ್ನೋ ಹೆಸರು ಅದರಲ್ಲಿದೆ, ಆ ಊರಿನ ಕಾಳಗದ ಪ್ರಸ್ತಾಪದಲ್ಲಿ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟೋದಕ್ಕೆ ಸುಮಾರು 650 ವರ್ಷ ಮೊದಲು! ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಮತ್ತು ಕೋಲಾರ ಸಂಪುಟಗಳನ್ನು ತೆರೆದು ಊರುಗಳ ಹೆಸರು ಓದ್ತಾ ಹೋದರೆ, ನಮ್ಮ ಭಾನುವಾರದ ರೂಟ್ ಮ್ಯಾಪ್ ಓದಿದ ಹಾಗೇ ಆಗುತ್ತೆ.

ದೊಡ್ಡ ದಾರಿಗಳದ್ದು ಬೇರೆ ಕಥೆ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಲಾರ, ಹೊಸಕೋಟೆ ಮೇಲೆ ಬಂದು ಬೆಂಗಳೂರು ಕೋಟೆ ಹಿಡಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಂದಿದುರ್ಗ, ಡಿಸೆಂಬರ್‌ನಲ್ಲಿ ಸಾವನದುರ್ಗ ಟಿಪ್ಪುವಿನ ಕೈ ತಪ್ಪಿದವು. ಈಗ ನಾವು ಹೋಗಿ ಬಂದೆವು ಅಂತ ಫೋಟೋ ಹಾಕುವ ಎರಡು ಬೆಟ್ಟಗಳು ಅವತ್ತು ಬೆಂಗಳೂರನ್ನು ಉಳಿಸಿಕೊಳ್ಳಬೇಕಾದವನಿಗೂ ಕಿತ್ತುಕೊಳ್ಳಬೇಕಾದವನಿಗೂ ಬೇಕಾಗಿದ್ದವು.

ಇನ್ನು ವೈಟ್‌ಫೀಲ್ಡ್. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು. ಸಂಘದ ಮುಂದಾಳು ಡಿ.ಎಸ್. ವೈಟ್, ಊರಿಗೆ ಅವರದೇ ಹೆಸರು. ಆ ಜನ ಅಲ್ಲಿಗೆ ಬಂದದ್ದು ಬೇಸಾಯ ಮಾಡಿ ಬದುಕೋದಕ್ಕೆ ಅಂದರೆ ಇವತ್ತು ಯಾರಾದರೂ ನಂಬ್ತಾರಾ? ಈಗಿನ ಸೈಕಲ್ಲಿನ ಮೂಲರೂಪ, ಅಂದರೆ ಎರಡು ಸಮ ಗಾತ್ರದ ಚಕ್ರ, ಹಿಂದಿನ ಚಕ್ರಕ್ಕೆ ಚೈನು ಇರುವ ಗಾಡಿ, ಇಂಗ್ಲೆಂಡಿನಲ್ಲಿ ಬಂದದ್ದು 1885ರಲ್ಲಿ. ಗಾಳಿ ತುಂಬಿದ ಡನ್ಲಪ್ ಟೈರು 1888ರಲ್ಲಿ. ವೈಟ್‌ಫೀಲ್ಡ್ ನಮ್ಮ ಸೈಕಲ್ಲಿಗಿಂತ ಮೂರು ವರ್ಷ ದೊಡ್ಡದು.

ಈಗ ಸೈಕಲ್ಲಿನ ಕಥೆಗೆ ಬರೋಣ. ಬೆಂಗಳೂರಿನ ಅಂಚಿನಲ್ಲಿ ಸೈಕಲ್ಲಿಗೆ ಕಾಲ ಬಂದದ್ದು ಕಾರ್ಖಾನೆಗಳ ಜೊತೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿನಗರದ ಐಟಿಐ, 1953ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ, 1954ರಲ್ಲಿ ಬಿಇಎಲ್, ಎಪ್ಪತ್ತರ ದಶಕದಲ್ಲಿ ಪೀಣ್ಯ. 1978ರಲ್ಲಿ ಕಿಯೋನಿಕ್ಸ್ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲು ಹಾಕಿತು. ಆರ್.ಕೆ. ಬಾಳಿಗರ ಕನಸು ಅದು. ದೊಡ್ಡ ಕಾರ್ಖಾನೆಗಳು ಕ್ವಾರ್ಟರ್ಸ್ ಕಟ್ಟಿಸಿದವು, ಬಸ್ಸು ಬಿಟ್ಟವು. ಕ್ವಾರ್ಟರ್ಸ್ ಸಿಗದವರು, ಬಸ್ಸು ಬಾರದ ಹಳ್ಳಿಯವರು, ಸಣ್ಣ ಶೆಡ್ಡುಗಳಲ್ಲಿ ದುಡಿಯುವವರು ಸೈಕಲ್ ಹತ್ತಿದರು. ಹಾಲಿನ ಕ್ಯಾನು, ಸೊಪ್ಪಿನ ಮೂಟೆ, ಹೂವಿನ ಬುಟ್ಟಿ ಕಟ್ಟಿಕೊಂಡ ಸೈಕಲ್ಲುಗಳು ಅದೇ ಏರಿಗಳ ಮೇಲೆ ಅದೇ ದಿಕ್ಕಿಗೆ ಬರುತ್ತಿದ್ದವು.

ನಮ್ಮ ದೊಡ್ಡಪ್ಪ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ನಡೆಸ್ತಿದ್ರು. ಮನೆ ಮಾಕಳಿ ಆಚೆಯ ಹಳ್ಳಿಯಲ್ಲಿ. ತುಮಕೂರು ರಸ್ತೆಯಲ್ಲಿ ಹೋಗ್ತಾ ಬರ್ತಾ ದಿನಕ್ಕೆ 25 ಕಿಲೋಮೀಟರಿಗೆ ಕಮ್ಮಿ ಇಲ್ಲ, ವಾರಕ್ಕೆ ಆರು ದಿನ. ಲೆಕ್ಕ ಹಾಕಿ ನೋಡಿ: ವಾರಕ್ಕೆ 150 ಕಿಲೋಮೀಟರ್. ಗೇರಿಲ್ಲದ ಭಾರದ ಕಪ್ಪು ಸೈಕಲ್ಲು, ಡೈನಮೋ ದೀಪ, ಹ್ಯಾಂಡಲ್ಲಿಗೆ ಊಟದ ಡಬ್ಬಿ. “ಗಾಳಿ ಎದುರಿಗಿದ್ರೆ ಮಿಷಿನ್ ಮುಟ್ಟೋ ಮುಂಚೇನೇ ಅರ್ಧ ಶಿಫ್ಟ್ ಆಗೋಗಿರ್ತಿತ್ತು ಕಣೋ” ಅಂತಾರೆ. ನನ್ನ ಸೈಕಲ್ ಮೊದಲ ಸಲ ನೋಡಿದಾಗ ಬೆಲೆ ಕೇಳಲಿಲ್ಲ, ತೂಕ ಕೇಳಲಿಲ್ಲ. ಸುತ್ತ ಒಂದು ಸಲ ಬಂದು, “ಕ್ಯಾರಿಯರ್ರೇ ಇಲ್ವಲ್ಲೋ, ಬರ್ತಾ ಏನ್ ತರ್ತೀಯ ಇದ್ರಲ್ಲಿ?” ಅಂದರು. ಹೋಗೋದಕ್ಕೆ ಒಂದು ಕೆಲಸ, ಬರೋವಾಗ ತರೋದಕ್ಕೆ ಒಂದು ಸಾಮಾನು ಇಲ್ಲದ ಸೈಕಲ್ ಪ್ರಯಾಣ ಅವರ ಕಾಲಕ್ಕೆ ಅರ್ಥವೇ ಆಗದ ಸಂಗತಿ.

ಆ ಸೈಕಲ್ಲನ್ನು ರಸ್ತೆಯಿಂದ ಇಳಿಸಿದ್ದು ಕಾರಲ್ಲ, ಮೊಪೆಡ್ಡು. ಹೊಸೂರು ರಸ್ತೆಯಲ್ಲಿ ಇದಕ್ಕೊಂದು ತಮಾಷೆಯ ಸಾಕ್ಷಿ ಇದೆ. 1980ರಲ್ಲಿ ಬಂದ ಟಿವಿಎಸ್ 50 ತಯಾರಾಗಿದ್ದು ಅದೇ ರಸ್ತೆಯ ಆ ತುದಿಯಲ್ಲಿ, ಹೊಸೂರಿನಲ್ಲಿ. ಕ್ಯಾನು, ಮೂಟೆ, ಹೆಂಡತಿ, ಮಗು ಎಲ್ಲವನ್ನೂ ಹೊತ್ತು ತುಳಿಯದೆ ಓಡುವ ಗಾಡಿ ಸಿಕ್ಕ ಮೇಲೆ ಯಾರು ತುಳೀತಾರೆ? ದೊಡ್ಡಪ್ಪನೂ ತಗೊಂಡರು. ಸೈಕಲ್ ಹಿತ್ತಲು ಸೇರಿತು. ಅದಾದ ಕೆಲವು ವರ್ಷಕ್ಕೆ ಅದೇ ರಸ್ತೆಗಳಿಗೆ ಕಂಪ್ಯೂಟರ್ ಕಂಪನಿಗಳು ಬಂದವು, ಅವುಗಳ ಹಿಂದೆ ನಾವು ಬಂದೆವು, ಹೊಟ್ಟೆ ಕರಗಿಸೋಕೆ.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದರೆ, ದೊಡ್ಡ ರಸ್ತೆಗಳು ಒಂದೊಂದಾಗಿ ಸೈಕಲ್ಲಿಗೆ ಬಾಗಿಲು ಹಾಕ್ತಿವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಆ ವೇಗದ ನಡುವೆ ಸೈಕಲ್ ಬೇಡ ಅನ್ನೋದು ಒಪ್ಪುವ ಮಾತೇ. ಆದರೆ ಆಗ ಉಳಿಯೋದು ಸಣ್ಣ ದಾರಿ, ಅಂದರೆ ಆ ಕೆರೆ ಏರಿಯ ದಾರಿ. ಅದೂ ಬಡಾವಣೆಯೊಳಗೆ, ಕಾಂಪೌಂಡಿನೊಳಗೆ ಕರಗ್ತಾ ಇದೆ. ನಾನು ಸೈಕಲ್ ಶುರು ಮಾಡಿದಾಗ ಸರ್ಜಾಪುರದ ಕಡೆ ರಾಗಿ ಹೊಲದ ನಡುವೆ ಹಾಯುತ್ತಿದ್ದ ಒಂದು ಒಳದಾರಿಗೆ ಈಗ ಗೇಟು ಬಿದ್ದಿದೆ. ಯಾರ ಮನೆಗೆ ಬಂದ್ರಿ ಅಂತ ಕೇಳ್ತಾರೆ.

ದಾರಿ ಉಳಿಯೋದು ಪಕ್ಕದ ಹೊಲ ಉಳಿದರೆ. ನಂದಿಗೆ ಹೋಗುವವರು ಹಾಯುವ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ, ಏರೋಸ್ಪೇಸ್ ಪಾರ್ಕಿಗೆ ಅಂತ 1,777 ಎಕರೆ ಭೂಸ್ವಾಧೀನಕ್ಕೆ ಸರ್ಕಾರ ಹೊರಟಿತ್ತು. 13 ಹಳ್ಳಿಗಳ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೇವೆ ಅಂತ ಘೋಷಿಸಿದರು. ಆ ರೈತರು ಹೋರಾಡಿದ್ದು ತಮ್ಮ ಅನ್ನಕ್ಕೆ, ನಮ್ಮ ಭಾನುವಾರಕ್ಕಲ್ಲ. ಆದರೂ ಆ ಕಡೆ ಇನ್ನೂ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಕಾಣ್ತಿದ್ರೆ ಅದರಲ್ಲಿ ಅವರ ಪಾಲಿದೆ. ಬೇಸಾಯಕ್ಕೆ ಅಂತ 3,900 ಎಕರೆ ಪಡೆದ ವೈಟ್‌ಫೀಲ್ಡ್ ಏನಾಯಿತು ಅನ್ನೋದನ್ನ ಕಣ್ಣಾರೆ ಕಂಡವರು ನಾವು. ಬೇಸಾಯಕ್ಕೇ ಉಳಿದ 1,777 ಎಕರೆಯನ್ನ ಹಗುರವಾಗಿ ನೋಡಬಾರದು.

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ, ಕಾಳಗದಲ್ಲಿ ಸತ್ತವರದೂ ಇದೆ. ವಾರಕ್ಕೆ 150 ಕಿಲೋಮೀಟರ್ ತುಳಿದು ಪೀಣ್ಯ ನಡೆಸಿದವರಿಗೆ ಯಾವ ಕಲ್ಲೂ ಇಲ್ಲ. ಅವರಲ್ಲಿ ಬಹಳ ಜನ ಇನ್ನೂ ನಮ್ಮ ಮನೆಗಳಲ್ಲೇ ಇದ್ದಾರೆ, ನೆನಪೂ ಗಟ್ಟಿಯಾಗಿದೆ. ಎಲ್ಲಿ ಕೆರೆ ಇತ್ತು, ಎಲ್ಲಿ ತಿರುವಿತ್ತು, ಯಾವ ಮರದ ಕೆಳಗೆ ಪಂಕ್ಚರ್ ಅಂಗಡಿ ಇತ್ತು, ಎಲ್ಲ ಹೇಳ್ತಾರೆ. ಕೇಳಿ ಬರೆದಿಡಿ. ನಮ್ಮ ಆಪಿನ ಗೆರೆಗಿಂತ ಅದು ಉಪಯೋಗದ ನಕ್ಷೆ.

ಮತ್ತೆ, ಆ ಎದುರು ದಿಕ್ಕಿನ ಸೈಕಲ್ಲುಗಳು ಪೂರ್ತಿ ನಿಂತಿಲ್ಲ ಕಣ್ರೀ. ಭಾನುವಾರ ಬೆಳಗ್ಗೆ ಆರರ ಹೊತ್ತಿಗೆ ಬೂದಿಗೆರೆ ದಾರಿಯಲ್ಲೋ ಚಂದಾಪುರದ ಹತ್ತಿರವೋ ಗಮನಿಸಿ. ಹೆಲ್ಮೆಟ್ಟಿಲ್ಲ, ದೀಪವಿಲ್ಲ, ಹಳೇ ಸೈಕಲ್ಲು, ಹ್ಯಾಂಡಲ್ಲಿಗೆ ಡಬ್ಬಿಯ ಚೀಲ. ಸೆಕ್ಯೂರಿಟಿ ಗಾರ್ಡು, ಕಟ್ಟಡ ಕೆಲಸದವರು, ರಾತ್ರಿ ಪಾಳಿಯವರು. ನಮ್ಮ ಸಾಲು ನೋಡಿ ಮಣ್ಣಿಗೆ ಇಳಿದು ದಾರಿ ಬಿಡೋರು ಅವರೇ. ಹಕ್ಕಿನ ಪ್ರಕಾರ ಡಾಂಬರು ಮೊದಲು ಅವರದು, ನಾವು ಒಬ್ಬರ ಹಿಂದೆ ಒಬ್ಬರು ಹೋದರೆ ಇಬ್ಬರಿಗೂ ಸಾಕಷ್ಟು ಜಾಗ ಇದೆ.