ಪುಣೆಯಲ್ಲಿ ನಾಲ್ಕು ದಿನ: ಒಂದು ಪ್ರಶ್ನೆ ಬೆಳೆದ ಬಗೆ

ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರಿಗೆ ಮೈಸೂರಿನಲ್ಲಿ ಮಾತೃಭಾಷೆಯ ದಾರಿ ತೋರಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಕನ್ನಡ ಓದುಗರು ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಅವರ ಪತ್ನಿ ಮಾರ್ಗರೆಟ್ ಕಸಿನ್ಸ್ ಅವರ ಹೆಸರು ನಮ್ಮ ನಡುವೆ ಅಷ್ಟಾಗಿ ಕೇಳಿಬರುವುದಿಲ್ಲ. ರಾಷ್ಟ್ರಗೀತೆಯ ಸ್ವರಲಿಪಿಯ ಪ್ರಸಂಗದಲ್ಲಿ ಒಮ್ಮೆ ಬಂದು ಹೋಗುತ್ತದೆ, ಅಷ್ಟೆ. ಆದರೆ ಭಾರತದ ಮಹಿಳಾ ಸಂಘಟನೆಯ ಚರಿತ್ರೆಯನ್ನು ಬರೆಯ ಹೊರಟರೆ ಆ ಹೆಸರನ್ನು ದಾಟಿ ಮುಂದೆ ಹೋಗಲು ಬರುವುದಿಲ್ಲ. ಕರ್ನಾಟಕದ ಹೊರಗೆ ನೆಲೆಸಿದ ನಮಗೆ ಈ ಚರಿತ್ರೆ ಇನ್ನೊಂದು ಕಾರಣದಿಂದಲೂ ಹತ್ತಿರದ್ದು. ಅದು ನಡೆದದ್ದು ನಾವು ಇಂದು ಓಡಾಡುತ್ತಿರುವ ನಗರಗಳಲ್ಲಿಯೇ.

ಐರ್ಲೆಂಡಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿ ಸೆರೆಮನೆ ಕಂಡಿದ್ದ ಮಾರ್ಗರೆಟ್, 1915ರಲ್ಲಿ ಪತಿಯೊಡನೆ ಭಾರತಕ್ಕೆ ಬಂದರು. 1917ರ ಮೇ ತಿಂಗಳಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಆನಿ ಬೆಸೆಂಟ್ ಮತ್ತು ಡೊರೊಥಿ ಜಿನರಾಜದಾಸ ಅವರ ಜೊತೆಗೂಡಿ ‘ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್’ ಎಂಬ ಸಂಘವನ್ನು ಕಟ್ಟಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳೆಯರ ನಿಯೋಗವೊಂದು ಮದ್ರಾಸಿನಲ್ಲಿ ಭಾರತಮಂತ್ರಿ ಮಾಂಟೆಗು ಅವರನ್ನು ಕಂಡು ಹೆಂಗಸರಿಗೂ ಮತಾಧಿಕಾರ ಬೇಕೆಂದು ಕೇಳಿತು. ಸಂಘದ ಪತ್ರಿಕೆಯ ಹೆಸರು ‘ಸ್ತ್ರೀಧರ್ಮ’. 1919–20ರಲ್ಲಿ ಮಾರ್ಗರೆಟ್ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮೊದಲ ಮುಖ್ಯಸ್ಥೆಯಾಗಿದ್ದರು ಎಂಬುದು ಕನ್ನಡಿಗರಾದ ನಾವು ಮರೆಯಬಾರದ ಸಂಗತಿ.

ಮಹತ್ತ್ವದ ಘಟನೆಗೆ ಕಾರಣವಾದದ್ದು ಮಾತ್ರ ಒಬ್ಬ ಸರ್ಕಾರಿ ಅಧಿಕಾರಿಯ ಭಾಷಣ. ಬಂಗಾಳದ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ಓಟನ್ ಎಂಬವರು ಕಲಕತ್ತೆಯ ಬೆಥೂನ್ ಕಾಲೇಜಿನ ಸಮಾರಂಭವೊಂದರಲ್ಲಿ, ಹೆಣ್ಣುಮಕ್ಕಳಿಗೆ ಎಂಥ ಶಿಕ್ಷಣ ಬೇಕೆಂಬುದನ್ನು ಹೆಂಗಸರೇ ಒಕ್ಕೊರಲಿನಿಂದ ಹೇಳಬೇಕು, ಬೇಕಾದದ್ದು ಸಿಗುವವರೆಗೂ ಹೇಳುತ್ತಲೇ ಇರಬೇಕು ಎಂಬರ್ಥದ ಮಾತನ್ನಾಡಿದರು. ಆಡಳಿತದ ಭಾಷೆಯನ್ನು ಬಲ್ಲವರಿಗೆ ಇಂಥ ಮಾತಿನ ತೂಕ ಗೊತ್ತು. ಬಹುಪಾಲು ಅದು ವೇದಿಕೆಯ ಸೌಜನ್ಯವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಮಾರ್ಗರೆಟ್ ಅದನ್ನು ಸೌಜನ್ಯವೆಂದು ತಿಳಿಯಲಿಲ್ಲ. ಉತ್ತರ ಕೊಡಬೇಕಾದ ಪ್ರಶ್ನೆಯೆಂದೇ ಹಿಡಿದರು. 1926ರಲ್ಲಿ ದೇಶದ ನಾನಾ ಕಡೆಯ ಮಹಿಳೆಯರಿಗೆ ಪತ್ರ ಬರೆದು, ನಿಮ್ಮ ನಿಮ್ಮ ಊರುಗಳಲ್ಲಿ ಸಭೆ ಸೇರಿ, ನಿಮ್ಮ ಬೇಡಿಕೆಗಳನ್ನು ಬರೆದು ತನ್ನಿ ಎಂದು ಕರೆಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಕಡೆ ಸ್ಥಳೀಯ ಸಭೆಗಳಾದವು. ಅಲ್ಲಿಂದ ಆಯ್ಕೆಯಾದ ಪ್ರತಿನಿಧಿಗಳು 1927ರ ಜನವರಿ 5ರಿಂದ 8ರವರೆಗೆ ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಒಂದುಗೂಡಿದರು. ಬರೋಡೆಯ ಮಹಾರಾಣಿ ಚಿಮಣಾಬಾಯಿ ಅಧ್ಯಕ್ಷೆ. ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿದ್ದು ಹೀಗೆ.

ಸಭೆಯ ವಿಷಯ ಶಿಕ್ಷಣ ಸುಧಾರಣೆ ಮಾತ್ರ. ರಾಜಕೀಯಕ್ಕೆ ಅಲ್ಲಿ ಎಡೆಯಿಲ್ಲವೆಂಬುದು ಮೊದಲೇ ಆದ ಒಪ್ಪಂದ. ಸೇರಿದವರಲ್ಲಿ ರಾಣಿಯರಿದ್ದರು, ಅಧಿಕಾರಿಗಳ ಪತ್ನಿಯರಿದ್ದರು, ಶಿಕ್ಷಕಿಯರಿದ್ದರು, ರಾಷ್ಟ್ರೀಯ ಚಳವಳಿಯ ಒಲವುಳ್ಳವರೂ ಇದ್ದರು. ಕ್ರಾಂತಿಕಾರಿ ಸಭೆ ಎನ್ನುವಂತಿರಲಿಲ್ಲ. ಹೆಣ್ಣಿನ ಶಿಕ್ಷಣದಲ್ಲಿ ಮಾತೃತ್ವದ ಮತ್ತು ಗೃಹಜೀವನದ ಆದರ್ಶಗಳಿಗೆ ಸ್ಥಾನವಿರಬೇಕೆಂಬುದನ್ನು ಅದು ಮನಸಾರೆ ಒಪ್ಪಿತು. ಆದರೂ ಶಾಲೆಯ ಮಾತು ಶಾಲೆಯಲ್ಲೇ ನಿಲ್ಲಲಿಲ್ಲ. ಹುಡುಗಿಯರು ಓದನ್ನು ಅರ್ಧಕ್ಕೇ ಏಕೆ ಬಿಡುತ್ತಾರೆ ಎಂದು ಕೇಳಿದರೆ ಸಿಗುವ ಉತ್ತರ ಪಠ್ಯಪುಸ್ತಕದಲ್ಲಿರಲಿಲ್ಲ, ಲಗ್ನಪತ್ರಿಕೆಯಲ್ಲಿತ್ತು. ಹತ್ತು ಹನ್ನೆರಡು ವರ್ಷಕ್ಕೆ ಮದುವೆಯಾಗಿ ಹೋಗುವ ಮಗುವಿಗೆ ಎಷ್ಟು ಒಳ್ಳೆಯ ಪಠ್ಯಕ್ರಮ ರಚಿಸಿದರೇನು? ಶಿಕ್ಷಣಕ್ಕೆಂದೇ ಸೇರಿದ ಸಭೆ ಬಾಲ್ಯವಿವಾಹವನ್ನು ಖಂಡಿಸಿ ನಿರ್ಣಯ ಮಾಡಿತು. ಶಾಸನಸಭೆಯ ಮುಂದಿದ್ದ ಹರಿಸಿಂಗ್ ಗೌರ್ ಅವರ ಮಸೂದೆಯನ್ನು ಬೆಂಬಲಿಸಿತು. ಸಮ್ಮೇಳನದ ಇಡೀ ಚರಿತ್ರೆಯ ಬೀಜ ಈ ಒಂದು ಹೆಜ್ಜೆಯಲ್ಲಿದೆ ಎಂದು ನಮ್ಮ ಭಾವನೆ. ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಹೊರಟಾಗ ಉತ್ತರವು ಪ್ರಶ್ನೆಯ ಬೇಲಿಯನ್ನು ದಾಟಿತು.

ಸಮ್ಮೇಳನದ ಸಂಘಟನಾ ಕಾರ್ಯದರ್ಶಿಯಾಗಿ ದುಡಿದವರು ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಹದಿಹರೆಯದಲ್ಲಿಯೇ ಮದುವೆಯನ್ನೂ ವೈಧವ್ಯವನ್ನೂ ಕಂಡು, ಅನಂತರ ಓದು ಮುಂದುವರಿಸಿ, ಮರುಮದುವೆಯಾದವರು ಅವರು. 1926ರಲ್ಲಿ ಹೆಂಗಸರಿಗೆ ಚುನಾವಣೆಗೆ ನಿಲ್ಲುವ ಅವಕಾಶ ದೊರೆತಾಗ, ಮಾರ್ಗರೆಟ್ ಅವರ ಒತ್ತಾಸೆಯಿಂದ ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಅಂತರದಲ್ಲಿ ಸೋತಿದ್ದರು. ಇಪ್ಪತ್ತಮೂರರ ಆ ತರುಣಿಗೆ ಬಾಲ್ಯವಿವಾಹವೆಂಬುದು ನಿರ್ಣಯದ ಕಾಗದದಲ್ಲಿ ಮೊದಲ ಬಾರಿಗೆ ಕಂಡ ಪದವಾಗಿರಲಿಲ್ಲ.

ಮರುವರ್ಷ ಸಮ್ಮೇಳನ ಸೇರಿದ್ದು ದಿಲ್ಲಿಯಲ್ಲಿ. ಹರಬಿಲಾಸ್ ಸಾರದಾ ಅವರ ಬಾಲ್ಯವಿವಾಹ ತಡೆ ಮಸೂದೆ ಆಗ ಕೇಂದ್ರ ಶಾಸನಸಭೆಯ ಮುಂದಿತ್ತು. ಮಹಿಳೆಯರು ವೈಸರಾಯರನ್ನೂ ಪಕ್ಷಗಳ ನಾಯಕರನ್ನೂ ಕಂಡು ಬೆಂಬಲ ಬೇಡಿದರು. ಧರ್ಮದಲ್ಲಿ ಹಸ್ತಕ್ಷೇಪವಾಯಿತೆಂದು ಕೂಗಿದವರಿಗೆ ಎದುರಾಗಿ, ಯಾರ ಬಾಳಿನ ಮಾತು ನಡೆದಿದೆಯೋ ಅವರ ದನಿ ಮೊದಲ ಬಾರಿಗೆ ಸಂಘಟಿತವಾಗಿ ಕೇಳಿಸಿತು. ಸರ್ಕಾರ ನೇಮಿಸಿದ ಜೋಶಿ ಸಮಿತಿಯಲ್ಲಿ ರಾಮೇಶ್ವರಿ ನೆಹರೂ ಸದಸ್ಯೆಯಾಗಿದ್ದರು. 1929ರ ಸೆಪ್ಟೆಂಬರಿನಲ್ಲಿ ಕಾಯಿದೆ ಅಂಗೀಕಾರವಾಯಿತು. ಹುಡುಗಿಗೆ 14, ಹುಡುಗನಿಗೆ 18 ಕನಿಷ್ಠ ವಯಸ್ಸು. ಮೈಸೂರು ಸಂಸ್ಥಾನ 1894ರಲ್ಲಿಯೇ ಶಿಶುವಿವಾಹ ತಡೆಯುವ ಕಾನೂನು ಮಾಡಿತ್ತು. ಅಲ್ಲಿ ಹುಡುಗಿಗೆ ಹಾಕಿದ ಗಡಿ ಎಂಟು ವರ್ಷ. ಎಂಟರಿಂದ ಹದಿನಾಲ್ಕಕ್ಕೆ ಬರಲು ಮೂವತ್ತೈದು ವರ್ಷ ಹಿಡಿಯಿತು.

ಆದರೆ ಶಾಸನ ಬೇರೆ, ಜಾರಿ ಬೇರೆ. ಕಾಯಿದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ರಂದು. ನಡುವಿನ ಆರು ತಿಂಗಳಲ್ಲಿ ಕಾನೂನಿನ ಕಣ್ಣು ತಪ್ಪಿಸಲು ಅವಸರದ ಮದುವೆಗಳು ಹೇರಳವಾಗಿ ನಡೆದವು. ಪೊಲೀಸರು ತಾವಾಗಿ ಕ್ರಮ ಕೈಗೊಳ್ಳುವಂತಿರಲಿಲ್ಲ. ಯಾರಾದರೂ ನ್ಯಾಯಾಲಯಕ್ಕೆ ದೂರು ಕೊಡಬೇಕು, ಅದೂ ಮದುವೆಯಾದ ಒಂದು ವರ್ಷದೊಳಗೆ. ದೂರು ಕೊಟ್ಟವನಿಂದ ನೂರು ರೂಪಾಯಿಯವರೆಗಿನ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು. ನೆರೆಮನೆಯ ಮಗುವಿನ ಸಲುವಾಗಿ ಊರಿನ ವೈರ ಕಟ್ಟಿಕೊಂಡು, ಮೇಲೆ ಹಣದ ಹೊಣೆಯನ್ನೂ ಹೊರುವವರು ಎಷ್ಟು ಮಂದಿ? ಸಮ್ಮೇಳನದ ಶಾಖೆಗಳು ಊರೂರುಗಳಲ್ಲಿ ಕಾನೂನಿನ ತಿಳಿವಳಿಕೆ ನೀಡುವ, ತಿದ್ದುಪಡಿಗಾಗಿ ಒತ್ತಾಯಿಸುವ ಕೆಲಸಕ್ಕೆ ತೊಡಗಿದವು. ಮೆರವಣಿಗೆಯಿಲ್ಲದ, ಪತ್ರಿಕೆಯ ಮುಖಪುಟಕ್ಕೆ ಬಾರದ ಕೆಲಸ ಇದು. ಹುಡುಗಿಯ ಕನಿಷ್ಠ ವಯಸ್ಸು 18ಕ್ಕೆ ಏರಿದ್ದು 1978ರಲ್ಲಿ. ಪುಣೆಯ ಸಭೆಯಿಂದ ಎಣಿಸಿದರೆ ಅರ್ಧ ಶತಮಾನ.

ಉಳಿದ ಹೆಜ್ಜೆಗಳನ್ನು ಬೇಗನೆ ಹೇಳಬಹುದು. ಶಿಕ್ಷಣನಿಧಿಯ ಫಲವಾಗಿ 1932ರಲ್ಲಿ ದಿಲ್ಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾಯಿತು. ಗೃಹವಿಜ್ಞಾನ ಮತ್ತು ಶಿಕ್ಷಕಿಯರ ತರಬೇತಿ ಅದರ ಮುಖ್ಯ ಉದ್ದೇಶ. 1930ರ ಮುಂಬಯಿ ಅಧಿವೇಶನಕ್ಕೆ ಸರೋಜಿನಿ ನಾಯ್ಡು ಅಧ್ಯಕ್ಷೆ. 1945–46ರ ಹೈದರಾಬಾದ್ ಅಧಿವೇಶನದ ಅಧ್ಯಕ್ಷೆ ಹಂಸಾ ಮೆಹ್ತಾ. ಅವರ ಕಾಲದಲ್ಲಿಯೇ ಭಾರತೀಯ ಮಹಿಳೆಯ ಹಕ್ಕು ಮತ್ತು ಕರ್ತವ್ಯಗಳ ಸನದು ರೂಪುಗೊಂಡಿತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂಬರ್ಥ ಬರುವ ಇಂಗ್ಲಿಷ್ ಪದವನ್ನು ‘ಎಲ್ಲ ಮಾನವರು’ ಎಂದು ಬದಲಿಸಲು ಕಾರಣರಾದವರೂ ಇದೇ ಹಂಸಾ ಮೆಹ್ತಾ.

ಕೊರತೆಗಳನ್ನು ಮುಚ್ಚಿಡುವುದು ಚರಿತ್ರೆಯ ಲಕ್ಷಣವಲ್ಲ. ಸಮ್ಮೇಳನದ ಕಲಾಪಗಳು ಬಹುಮಟ್ಟಿಗೆ ನಡೆದದ್ದು ಇಂಗ್ಲಿಷಿನಲ್ಲಿ. ನಾಯಕತ್ವ ಉಳಿದದ್ದು ಮೇಲ್ವರ್ಗದ, ಮೇಲ್ಜಾತಿಯ ಕೈಯಲ್ಲಿ. ಗದ್ದೆಯಲ್ಲಿ, ಗಿರಣಿಯಲ್ಲಿ ದುಡಿಯುತ್ತಿದ್ದ ಹೆಂಗಸರ ಬಗ್ಗೆ ಅಲ್ಲಿ ನಿರ್ಣಯಗಳಾದವು. ಅವರು ತಾವೇ ಬಂದು ಮಾತನಾಡಿದ್ದು ವಿರಳ. ಎಂಥ ಶಿಕ್ಷಣ ಬೇಕು ಎಂಬ ಪ್ರಶ್ನೆಯನ್ನು ಯಾರಿಗೆ ಕೇಳಲಿಲ್ಲವೋ ಅವರ ಉತ್ತರ ಆ ದಾಖಲೆಗಳಲ್ಲಿ ಇಲ್ಲ. ಆದರೂ ಮೊದಲು ಊರೂರಿನಲ್ಲಿ ಕೇಳಿ, ಆಮೇಲೆ ಒಂದೆಡೆ ಸೇರಿ ಹೇಳಬೇಕೆಂಬ ಕ್ರಮವನ್ನು ಅವರು ಹಾಕಿಕೊಟ್ಟರು. ಮುಂದೆ ಬಂದ ಸಂಘಟನೆಗಳು ಅದೇ ಕ್ರಮವನ್ನು ಹಿಡಿದು, ಅವರು ಕೇಳದೆ ಬಿಟ್ಟವರನ್ನು ಕೇಳತೊಡಗಿದವು.

ಹೊರನಾಡಿನ ನಮ್ಮ ಕನ್ನಡ ಸಂಘಗಳಲ್ಲಿಯೂ ಮಹಿಳಾ ವಿಭಾಗಗಳಿವೆ. ರಂಗೋಲಿ, ಗಾಯನ, ಅಡುಗೆಯ ಸ್ಪರ್ಧೆಗಳು ವರ್ಷವರ್ಷವೂ ನಡೆಯುತ್ತವೆ, ನಡೆಯಲಿ. ಆದರೆ ವಾರ್ಷಿಕ ಸಭೆಯ ಕಾರ್ಯಸೂಚಿಯನ್ನು ಬರೆಯುವ ಮುನ್ನ, ನಿಮಗೆ ಬೇಕಾದದ್ದೇನು ಎಂದು ನಾವು ಆ ವಿಭಾಗವನ್ನು ಕೇಳಿದ್ದು ಎಷ್ಟು ಸಲ? ಕೇಳಿದರೆ ಬರುವ ಉತ್ತರ ಸ್ಪರ್ಧೆಗಳ ಪಟ್ಟಿಯಲ್ಲಿ ಹಿಡಿಸಲಾರದು. ಮನೆಯಲ್ಲಿ ವೃದ್ಧರ ಆರೈಕೆ, ವರ್ಗಾವಣೆಯಾದ ಗಂಡನ ಹಿಂದೆ ಬಂದು ಕೈಬಿಟ್ಟ ಉದ್ಯೋಗ, ಪರವೂರಿನ ಒಂಟಿತನ, ಹೇಳಿಕೊಳ್ಳಲಾಗದ ಹಿಂಸೆ — ಏನು ಬೇಕಾದರೂ ಬರಬಹುದು. 1927ರಲ್ಲಿ ಶಾಲೆಯ ಪ್ರಶ್ನೆಗೆ ಮದುವೆಯ ಉತ್ತರ ಬಂದಾಗ ಆ ಸಭೆ ಅದು ತನ್ನ ವಿಷಯವಲ್ಲವೆಂದು ಬದಿಗಿಡಲಿಲ್ಲ. ನಮ್ಮ ಸಂಘಗಳೂ ಒಮ್ಮೆ ಕೇಳಿ ನೋಡಬೇಕು. ಬಂದ ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು.